ಮಳೆಗಾಲದ ಓದುಕೇಂದ್ರ: ಮೂವರು ಇಂಟರ್ನ್‌ಗಳು, ಎಂಟು ವಾರಗಳ ಅಳತೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ನಾಲ್ಕು ಓದುಕೇಂದ್ರಗಳ ಕೆಲಸದ ದಾಖಲೆ ಇದು. ಎರಡು ಕೇಂದ್ರ ಕಡಲ ಬದಿಯಲ್ಲಿ, ಎರಡು ಪೆರ್ಲದ ಆಚೆ ಗುಡ್ಡದ ಬದಿಯಲ್ಲಿ. ಬರುವವರು 2ರಿಂದ 5ನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳು. ಕಡಲ್ಕೊರೆತಕ್ಕೆ ಹೆದರಿ ನೆಂಟರ ಮನೆ ಸೇರಿದವರಿದ್ದಾರೆ, ತೋಡು (ಹಳ್ಳ) ತುಂಬಿ ಸಂಕ (ಕಾಲುಸೇತುವೆ) ದಾಟಲಾಗದೆ ಶಾಲೆ ತಪ್ಪುವವರಿದ್ದಾರೆ. ಸಂಜೆ 4.30ರಿಂದ 6ರವರೆಗೆ ಊರಿನ ಟೀಚರುಗಳೇ ಪಾಠ ಮಾಡುತ್ತಾರೆ. ಮೂವರು ಇಂಟರ್ನ್‌ಗಳ ಕೆಲಸ ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಮಾತ್ರ. ಕಲಿಸುವವರೇ ಅಳೆದರೆ ಮಗು ತಡವರಿಸಿದಾಗ ಬಾಯಿಗೆ ಮಾತು ಹಾಕಿಬಿಡುತ್ತಾರೆ. ಅದು ಪ್ರೀತಿ, ಆದರೆ ಅಳತೆ ಕೆಡುತ್ತದೆ. ಅದಕ್ಕೇ ಈ ಎರಡು ಕೆಲಸ ಬೇರೆ ಬೇರೆ ಕೈಯಲ್ಲಿ.

1ನೇ ವಾರ: ಫಾರಂ ಸಣ್ಣದಾಯಿತು

ತುರ್ತು ಸಂದರ್ಭದ ಶಿಕ್ಷಣಕ್ಕೆ ಐಎನ್‌ಇಇ (ಇಂಥ ಶಿಕ್ಷಣಕ್ಕಾಗಿ ಹಲವು ಸಂಸ್ಥೆಗಳು ಸೇರಿದ ಅಂತರರಾಷ್ಟ್ರೀಯ ಜಾಲ) ಕನಿಷ್ಠ ಮಾನದಂಡಗಳು ಎಂಬ ಕೈಪಿಡಿ ಇದೆ. 2004ರಲ್ಲಿ ಮೊದಲು ಬಂತು, 2010ರಲ್ಲಿ ಪರಿಷ್ಕರಣೆ ಆಯಿತು, ಹೊಸದು 2024ರದ್ದು. ಅದರ ಐದು ವಿಭಾಗಗಳನ್ನೂ ನಾಲ್ಕು ಸಣ್ಣ ಕೇಂದ್ರಗಳಲ್ಲಿ ಅಳೆಯಹೊರಟರೆ ಪಾಠಕ್ಕೆ ಸಮಯ ಉಳಿಯುವುದಿಲ್ಲ. ಮೂರೇ ಪ್ರಶ್ನೆ ಇಟ್ಟುಕೊಂಡೆವು: ಯಾರು ಬರುತ್ತಿದ್ದಾರೆ ಮತ್ತು ಯಾರು ಬರುತ್ತಿಲ್ಲ; ಓದು ಮುಂದೆ ಹೋಗುತ್ತಿದೆಯೇ; ಜಾಗ ಮಕ್ಕಳಿಗೆ ಸುರಕ್ಷಿತವೇ.

ಮೊದಲ ಕರಡು ಫಾರಮಿನಲ್ಲಿ 41 ಪ್ರಶ್ನೆ ಇತ್ತು. ಪ್ರತಿ ಪ್ರಶ್ನೆಯ ಎದುರು ‘ಈ ಉತ್ತರ ನೋಡಿ ಮುಂದಿನ ಶುಕ್ರವಾರದೊಳಗೆ ಯಾರು ಏನು ಬದಲಾಯಿಸುತ್ತಾರೆ?’ ಎಂದು ಬರೆಸಿದೆವು. ಬರೆಯಲು ಏನೂ ಸಿಗದ ಪ್ರಶ್ನೆ ಹೋಯಿತು. ತಂದೆಯ ಆದಾಯ ಹೋಯಿತು, ಮನೆಯ ಮಾಡು ಹಂಚಿನದೋ ಶೀಟಿನದೋ ಎಂಬುದು ಹೋಯಿತು. ಉಳಿದದ್ದು 17. ‘ಬರುವ ದಾರಿಯಲ್ಲಿ ಸಂಕ ಉಂಟೇ?’ ಎಂಬುದು ಮಾತ್ರ ಹೊಸದಾಗಿ ಸೇರಿತು. ಉಂಟು ಎಂದ ಮಗುವನ್ನು ಮಳೆ ಜೋರಾದ ದಿನ ದೊಡ್ಡವರೊಬ್ಬರು ಮನೆಯವರೆಗೆ ಬಿಟ್ಟು ಬರಬೇಕು.

ಒಪ್ಪಿಗೆ ಚೀಟಿ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಮಾಡಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಕೇಳುತ್ತದೆ. ಓದಲು ಬಾರದ ಅಮ್ಮಂದಿರಿಗೆ ಚೀಟಿಯನ್ನು ಓದಿ ಹೇಳುವುದು ಇಂಟರ್ನ್‌ಗಳ ಕೆಲಸ. ಹೆತ್ತವರು ಒಪ್ಪಿದ ಮೇಲೂ ಮಗುವನ್ನು ಕೇಳಲೇಬೇಕು. ಬೇಡ ಎಂದು ತಲೆಯಾಡಿಸಿದರೆ ಅಲ್ಲಿಗೆ ನಿಲ್ಲಿಸುವುದು.

2ನೇ ವಾರ: ಓದಿನ ಹಾಳೆ

ಮಕ್ಕಳ ಓದು, ಲೆಕ್ಕ ಅಳೆಯಲು ಪ್ರಥಮ್ ಸಂಸ್ಥೆ 2005ರಿಂದ ಬಳಸುವ ಅಸರ್ ಸಮೀಕ್ಷೆಯ ನಾಲ್ಕು ಮೆಟ್ಟಿಲುಗಳನ್ನೇ ಹಿಡಿದೆವು: ಅಕ್ಷರ, ಪದ, 1ನೇ ತರಗತಿ ಮಟ್ಟದ ಸಣ್ಣ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ಮಗುವನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಪ್ಯಾರಾದಿಂದ ಶುರು. ಸರಾಗ ಓದಿದರೆ ಕಥೆ, ಎಡವಿದರೆ ಪದ. ಐದು ಪದದಲ್ಲಿ ನಾಲ್ಕು ಸರಿಯಾದರೆ ಪದದ ಮೆಟ್ಟಿಲು, ಇಲ್ಲವಾದರೆ ಅಕ್ಷರ. ಅಲ್ಲಿಯೂ ಐದರಲ್ಲಿ ನಾಲ್ಕು. ಎಲ್ಲ ಸರಿಯಾಗಿ ನಡೆದರೆ ಒಂದು ಮಗುವಿಗೆ ಐದಾರು ನಿಮಿಷ.

ಸಮಯ ಹಿಡಿದು ಓದಿಸುವ ಲೆಕ್ಕವೂ ಬೇಕೆಂದು 48 ಪದದ ಕಥೆ ಇಟ್ಟೆವು. ಒಂದು ಮಗು 52 ಸೆಕೆಂಡಿನಲ್ಲಿ ಮುಗಿಸಿ 5 ಪದ ತಪ್ಪಿದರೆ ಸರಿಯಾದದ್ದು 43; 43ನ್ನು 52ರಿಂದ ಭಾಗಿಸಿ 60ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 50 ಪದ. ಇಂಗ್ಲಿಷಿಗೆ ಹಾಕಿದ ಗುರಿಯನ್ನು ತಂದು ಇದರ ಪಕ್ಕ ಇಡಬಾರದು. ‘ಹೋಗುತ್ತಿದ್ದಳು’ ಎಂಬುದು ನಮ್ಮಲ್ಲಿ ಒಂದೇ ಪದ. ಹೋ, ಗು, ತ್ತಿ, ದ್ದ, ಳು: ಐದು ಅಕ್ಷರ, ಎರಡು ಒತ್ತು. ಇಂಗ್ಲಿಷಿನಲ್ಲಿ ಅದು ಮೂರು ಪದವಾಗಿ ಒಡೆಯುತ್ತದೆ. ಹಾಗಾಗಿ ಪದದ ಜೊತೆ ಸರಿಯಾದ ಅಕ್ಷರಗಳನ್ನೂ ಎಣಿಸಿ, ಮಗುವಿನ ಅಳತೆಯನ್ನು ಅದೇ ಮಗುವಿನ ಹಿಂದಿನ ಅಳತೆಯ ಜೊತೆ ಮಾತ್ರ ಹೋಲಿಸುತ್ತೇವೆ.

ಕಾಸರಗೋಡಿನ ಗಡಿ ಇಲ್ಲಿ ಕಿವಿಗೆ ಕೇಳುತ್ತದೆ. ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ, ಪುಸ್ತಕದಲ್ಲಿ ಕನ್ನಡ. ಮಗು ‘ಭೂಮಿ’ಯನ್ನು ‘ಬೂಮಿ’ ಎಂದರೆ ತಪ್ಪೇ? ತಪ್ಪಲ್ಲ ಎಂದು ತೀರ್ಮಾನಿಸಿದೆವು: ಮಹಾಪ್ರಾಣ ಮನೆಮಾತಿನ ಉಚ್ಚಾರದ ವಿಷಯ, ಮಗುವಿನ ಕಣ್ಣು ಅಕ್ಷರ ಹಿಡಿದಿದೆ. ‘ಹತ್ತಿ’ಯನ್ನು ‘ಹತಿ’ ಎಂದರೆ ತಪ್ಪು, ಒತ್ತು ಕಂಡಿಲ್ಲ. ‘ಕಿ’ ಮತ್ತು ‘ಕೀ’ ಅದಲುಬದಲಾದರೆ ತಪ್ಪು, ದೀರ್ಘ ಕಂಡಿಲ್ಲ. ಓದುವಾಗ ತಾನೇ ತಿದ್ದಿಕೊಂಡರೆ ಸರಿ. ಕಥೆಯ ಮೇಲಿನ ಪ್ರಶ್ನೆಗೆ ಯಾವ ಭಾಷೆಯಲ್ಲಿ ಉತ್ತರಿಸಿದರೂ ಸರಿ: ಹಕ್ಕಿ ಎಲ್ಲಿ ಕೂತಿತು ಎಂದಾಗ ತುಳುವಿನಲ್ಲಿ ‘ಮರತ ಮಿತ್ತ್’ (ಮರದ ಮೇಲೆ) ಎಂದ ಮಗುವಿಗೆ ಕಥೆ ಅರ್ಥವಾಗಿದೆ. ಅದನ್ನು ಸೊನ್ನೆ ಮಾಡುವುದು ಅನ್ಯಾಯ. ಈ ನಿಯಮಗಳೆಲ್ಲ ಅರ್ಧ ಪುಟದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಮೂವರ ಚೀಲಕ್ಕೂ ಒಂದೊಂದು.

ಓದಿನ ಹಾಳೆಗೆ ಲ್ಯಾಮಿನೇಷನ್ ಬೇಡ. ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಮಿಂಚಿ ಒತ್ತಕ್ಷರ ಕಾಣದೆ ಹೋಗುತ್ತದೆ. ಮಗು ಹಾಳೆಯನ್ನು ಓರೆ ಮಾಡಿ ಮಾಡಿ ಓದುವಾಗ ಸೆಕೆಂಡು ಹೋಗುತ್ತಿತ್ತು. ದಪ್ಪ ಕಾರ್ಡ್, ದೊಡ್ಡ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ. ಸಾಲು ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

3ನೇ ವಾರ: ಮೊದಲು ಅಳೆಯುವವರ ಅಳತೆ

ನಮ್ಮ ಪ್ರಕಾರ ಇಂಟರ್ನ್‌ಶಿಪ್ಪಿನಲ್ಲಿ ಕಲಿಯಬೇಕಾದ ದೊಡ್ಡ ವಿದ್ಯೆ ಇದು, ಹೆಚ್ಚಿನ ಕಡೆ ಬಿಟ್ಟುಹೋಗುವುದೂ ಇದೇ. ಒಂದೇ ಮಗು ಓದುವಾಗ ಇಬ್ಬರು ಪಕ್ಕಪಕ್ಕ ಕೂತು, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಗುರುತು ಹಾಕಬೇಕು. 20 ಮಕ್ಕಳು ಸಾಕು.

ಮೊದಲ ಸುತ್ತಿನಲ್ಲಿ ‘ಪ್ಯಾರಾ ಓದುತ್ತಾರೆ’ ಎಂದು ಇಬ್ಬರೂ ಬರೆದದ್ದು 9 ಮಕ್ಕಳಿಗೆ, ‘ಇಲ್ಲ’ ಎಂದು ಇಬ್ಬರೂ ಬರೆದದ್ದು 7. ಮೊದಲನೆಯವರು ಮಾತ್ರ ಹೌದು ಎಂದದ್ದು 3, ಎರಡನೆಯವರು ಮಾತ್ರ ಹೌದು ಎಂದದ್ದು 1. ಹೊಂದಿಕೆ 20ಕ್ಕೆ 16, ಶೇ. 80. ಕೇಳಲು ಚೆನ್ನಾಗಿದೆ. ಆದರೆ ಕಣ್ಣುಮುಚ್ಚಿ ಬರೆದರೂ ಒಂದಿಷ್ಟು ಹೊಂದುತ್ತದಲ್ಲ, ಅದನ್ನು ಕಳೆಯಬೇಕು. ಮೊದಲನೆಯವರ ಹೌದು 12, ಎರಡನೆಯವರದು 10. ಆಕಸ್ಮಿಕ ಹೊಂದಿಕೆ: 0.6 × 0.5 (ಇಬ್ಬರೂ ಹೌದು) ಮತ್ತು 0.4 × 0.5 (ಇಬ್ಬರೂ ಇಲ್ಲ), ಕೂಡಿದರೆ 0.5. ಆಕಸ್ಮಿಕವನ್ನು ಕಳೆದ ಹೊಂದಿಕೆಯ ಅಳತೆಗೆ ಕೊಹೆನ್ ಕಪ್ಪಾ ಎಂದು ಹೆಸರು: (0.8 − 0.5) ÷ (1 − 0.5) = 0.6. ಕೆಲಸಕ್ಕೆ ಹೊರಡಲು ಇದು ಸಾಲದು. ನಾವಿಟ್ಟ ಗುರಿ 0.8.

ಕಾರಣ ಹುಡುಕಿದಾಗ ಒಂದೇ ಒಂದು ಸಿಕ್ಕಿತು. ‘ಸರಾಗ’ ಎಂಬ ಮಾತು. ಬೆರಳಿಟ್ಟು ಅಕ್ಷರ ಅಕ್ಷರ ಬಿಡಿಸಿ, ಕೊನೆಗೆ ಪದವನ್ನು ಕೂಡಿಸಿ ಹೇಳುವ ಮಗುವನ್ನು ಒಬ್ಬರು ‘ಓದುತ್ತಾರೆ’ ಎಂದರು, ಇನ್ನೊಬ್ಬರು ಇಲ್ಲ ಎಂದರು. ನಿಯಮ ಬರೆದೆವು: ಪ್ಯಾರಾದಲ್ಲಿ ಮೂರಕ್ಕಿಂತ ಹೆಚ್ಚು ಪದಗಳನ್ನು ಬಿಡಿಸಿ ಓದಿದರೆ ಪದದ ಮೆಟ್ಟಿಲಿಗೆ ಇಳಿಸುವುದು. ಮೂರು ದಿನ ಬಿಟ್ಟು ಬೇರೆ 20 ಮಕ್ಕಳ ಜೊತೆ ಎರಡನೇ ಸುತ್ತು ಮಾಡಿದಾಗ 19 ಹೊಂದಿತು. ಆಮೇಲೆಯೇ ನಿಜವಾದ ಮೊದಲ ಅಳತೆ ಶುರುವಾದದ್ದು.

4ನೇ ವಾರ: ಫೋನಿನ ಫಾರಂ

ಕೋಬೋ ಟೂಲ್‌ಬಾಕ್ಸ್ ಎಂಬ ಮಾಹಿತಿ ಸಂಗ್ರಹದ ಸಾಧನ ಬಳಸಿದೆವು. ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲೂ ಫಾರಂ ತುಂಬಿ, ರಸ್ತೆಗೆ ಬಂದ ಮೇಲೆ ಕಳಿಸಬಹುದು. ಎಕ್ಸೆಲ್ ಹಾಳೆಯಲ್ಲಿ ಪ್ರಶ್ನೆಯ ಬಗೆ, ಹೆಸರು, ಲೇಬಲ್ ಎಂದು ಕಾಲಮುಗಳು. ಲೇಬಲ್ ಕನ್ನಡದಲ್ಲಿ, ‘ಹೆಸರು’ ಕಾಲಮಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ, ನಡುವೆ ಖಾಲಿ ಜಾಗ ಬಿಡಬಾರದು. ವಯಸ್ಸಿಗೆ 5ರಿಂದ 14ರ ಮಿತಿ ಹಾಕಿದ್ದರಿಂದ ‘77’ ಒತ್ತಿದ ತಪ್ಪು ಅಲ್ಲೇ ಸಿಕ್ಕಿಬಿತ್ತು.

ಎಡವಿದ ಜಾಗಗಳು: ಇಳಿಸಿಕೊಂಡ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತುಗಳಾಗುತ್ತದೆ. ‘ಡೇಟಾ’ ಮೆನುವಿನಿಂದ ತಂದು, ಯುಟಿಎಫ್–8 ಆಯ್ದುಕೊಂಡರೆ ಸರಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರಪಟ್ಟಿಯನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಹಾಗೇ ಅಂಟಿಸಿದರೆ ಬರೇ ಇಂಗ್ಲಿಷ್ ಅಕ್ಷರದ ರಾಶಿ. ಇನ್ನು ಹೆಸರು: ಒಂದೇ ಮಗುವಿನ ಹೆಸರು ಶಾಲೆಯ ಪಟ್ಟಿಯಲ್ಲಿ ಮಲಯಾಳದ ರೀತಿ, ನಮ್ಮ ಪಟ್ಟಿಯಲ್ಲಿ ಕನ್ನಡದ ರೀತಿ, ರೇಷನ್ ಕಾರ್ಡಿನಲ್ಲಿ ಮೂರನೇ ರೀತಿ. ಹೆಸರು ಹಿಡಿದು ಎರಡು ಅಳತೆಗಳನ್ನು ಜೋಡಿಸಲು ಹೋದರೆ ಮಕ್ಕಳು ಕಳೆದುಹೋಗುತ್ತಾರೆ. ಪ್ರತಿ ಮಗುವಿಗೆ ಕೇಂದ್ರದ ಅಕ್ಷರ ಮತ್ತು ಎರಡಂಕಿಯ ಸಂಖ್ಯೆ ಕೊಟ್ಟೆವು. ಸಂಖ್ಯೆ ಯಾರದು ಎಂಬ ಪುಸ್ತಕ ಬೀಗದ ಕಪಾಟಿನಲ್ಲಿ, ಫೋನಿನಲ್ಲಿ ಹೆಸರಿಲ್ಲ.

5ನೇ ವಾರ: ಹಾಜರಿಯ ಛೇದ

ಆಟಿ (ಜುಲೈ–ಆಗಸ್ಟ್‌ನಲ್ಲಿ ಬರುವ ತುಳು ತಿಂಗಳು) ಮಳೆ. ಜಿಲ್ಲಾಧಿಕಾರಿ ರಜೆ ಸಾರಿದ ದಿನ ಕೇಂದ್ರವೂ ಮುಚ್ಚುತ್ತದೆ. ಕಡಲ ಬದಿಯ ಒಂದು ಕೇಂದ್ರದಲ್ಲಿ 24 ಮಕ್ಕಳು. ಯೋಜಿಸಿದ್ದು 18 ದಿನ, ತೆರೆದದ್ದು 11. ಒಟ್ಟು ಹಾಜರಿ 198. 24 × 18ರಿಂದ ಭಾಗಿಸಿದರೆ ಶೇ. 46, 24 × 11ರಿಂದ ಭಾಗಿಸಿದರೆ ಶೇ. 75. ಮಕ್ಕಳ ಹಾಜರಿಗೆ ಎರಡನೆಯದೇ ಸರಿ. ಆದರೆ ಮುಚ್ಚಿದ 7 ದಿನವನ್ನು ಬೇರೆ ಸಾಲಿನಲ್ಲಿ ಬರೆಯಲೇಬೇಕು, ಮಗುವಿಗೆ ತಪ್ಪಿದ ಪಾಠ ಅದೇ.

ಸರಾಸರಿಯನ್ನು ನಂಬಿ ಕೂರಬಾರದು. 18 ಮಕ್ಕಳು 11 ದಿನವೂ ಬಂದು, ಉಳಿದ 6 ಮಕ್ಕಳು ಒಂದು ದಿನವೂ ಬಾರದಿದ್ದರೂ ಮೊತ್ತ ಅದೇ 198. ಆದ್ದರಿಂದ ರಿಜಿಸ್ಟರಿನ ಅಂಚಿನಲ್ಲಿ ಒಂದು ಕಾಲಂ ಎಳೆದೆವು: ‘ತೆರೆದ ದಿನಗಳಲ್ಲಿ ಸಾಲಾಗಿ ಮೂರು ತಪ್ಪಿದೆ’. ಅಲ್ಲಿ ಗುರುತು ಬಿದ್ದ ಸಂಜೆಯೇ ಟೀಚರ್ ಮನೆಗೆ ಫೋನ್ ಮಾಡುತ್ತಾರೆ. ಇಡೀ ಯೋಜನೆಯಲ್ಲಿ ಮಕ್ಕಳಿಗೆ ಅತಿ ಬೇಗ ಉಪಯೋಗಕ್ಕೆ ಬಂದ ಅಳತೆ ಈ ಕಾಲಮ್ಮೇ.

6ನೇ ವಾರ: ಕೇಳಬೇಕಾದ, ಎಚ್ಚರದಿಂದ ಕೇಳಬೇಕಾದ ಪ್ರಶ್ನೆ

ಯಾವ ಮಗುವಿಗೆ ನೋಡಲು, ಕೇಳಲು, ನಡೆಯಲು, ಕಲಿಯಲು ಕಷ್ಟ ಎಂದು ತಿಳಿಯಲು ಯುನಿಸೆಫ್ ಮತ್ತು ವಾಷಿಂಗ್ಟನ್ ಗ್ರೂಪ್ (ಅಂಗವಿಕಲತೆಯ ಅಂಕಿಅಂಶಕ್ಕಾಗಿ ಇರುವ ಅಂತರರಾಷ್ಟ್ರೀಯ ತಂಡ) ಸೇರಿ ಮಾಡಿದ ಪ್ರಶ್ನಾವಳಿ ಉಂಟು. 5ರಿಂದ 17 ವರ್ಷದವರಿಗೆ 24 ಪ್ರಶ್ನೆ, ಕೇಳುವುದು ತಾಯಿ ಅಥವಾ ನೋಡಿಕೊಳ್ಳುವವರನ್ನು. ‘ಅಂಗವಿಕಲ’ ಎಂಬ ಪದವೇ ಅದರಲ್ಲಿ ಬರಬಾರದು. ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ನಾಲ್ಕು ಬಗೆ: ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬ ಕಷ್ಟ, ಸಾಧ್ಯವೇ ಇಲ್ಲ. ‘ತುಂಬ ಕಷ್ಟ’ದಿಂದ ಮೇಲಿನವರನ್ನು ಲೆಕ್ಕಕ್ಕೆ ಹಿಡಿಯುವುದು. ತುಳು ಮನೆಗಳಲ್ಲಿ ‘ಒಂತೆ’ (ಸ್ವಲ್ಪ) ಮತ್ತು ‘ಮಸ್ತ್’ (ತುಂಬ) ಎಂದು ಕೇಳಿದಾಗ ಗೆರೆ ಸ್ಪಷ್ಟವಾಯಿತು. ಪುಸ್ತಕದ ಕನ್ನಡದಲ್ಲಿ ಕೇಳಿದಾಗ ಎಲ್ಲರೂ ‘ಸ್ವಲ್ಪ’ ಎಂದೇ ಅನ್ನುತ್ತಿದ್ದರು.

ಎಣ್ಮಕಜೆ ಕಡೆಯ ಮನೆಗಳಲ್ಲಿ ಇದು ಬರೇ ಫಾರಂ ಅಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ನೆಲ ಅದು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಫಾರಂ ಹಿಡಿದು ಮಗುವಿನ ಕಷ್ಟ ಕೇಳಿದರೆ ‘ಪಟ್ಟಿಗೆ ಸೇರಿಸಲು ಬಂದರು’ ಎಂದು ತಾಯಿ ಎಣಿಸುವುದು ಸಹಜ. ಮೊದಲ ಮಾತೇ ‘ಅಮ್ಮಾ, ಇದು ಸಂತ್ರಸ್ತರ ಪಟ್ಟಿಗಲ್ಲ, ಪರಿಹಾರಕ್ಕಲ್ಲ, ಮಗುವನ್ನು ಎಲ್ಲಿ ಕೂರಿಸಬೇಕು, ಹೇಗೆ ಕಲಿಸಬೇಕು ಎಂದು ತಿಳಿಯಲು’ ಎಂದಿರಬೇಕು, ಪ್ರಶ್ನೆ ಮುಗಿದ ಮೇಲೆ ಇನ್ನೊಮ್ಮೆ. ಕೇಳಿದ ಮೇಲೆ ಏನಾದರೂ ಮಾಡಲೂಬೇಕು. ಹತ್ತಿರದ ಬಡ್ಸ್ ಶಾಲೆ (ಬೌದ್ಧಿಕ ಸವಾಲುಳ್ಳ ಮಕ್ಕಳ ವಿಶೇಷ ಶಾಲೆ) ಮತ್ತು ಆರೋಗ್ಯ ಕೇಂದ್ರಕ್ಕೆ ಯಾರನ್ನು ಸಂಪರ್ಕಿಸಬೇಕೆಂಬ ಚೀಟಿ ಇಲ್ಲದೆ ಇಂಟರ್ನ್‌ಗಳು ಈ ಪ್ರಶ್ನಾವಳಿ ತೆರೆಯುವಂತಿಲ್ಲ.

7–8ನೇ ವಾರ

ಹತ್ತರಲ್ಲೊಂದು ಮಗುವನ್ನು ಬೇರೆ ಇಂಟರ್ನ್ ಎರಡು ದಿನದೊಳಗೆ ಮತ್ತೆ ಓದಿಸಿ ತಾಳೆ ನೋಡಿದರು. ಎರಡು ಕಡೆ ಮೆಟ್ಟಿಲು ವ್ಯತ್ಯಾಸ ಬಂತು. ಎರಡೂ ಜೋರು ಮಳೆಯಲ್ಲಿ ಶೀಟಿನ ಮಾಡಿನಡಿ ಅಳೆದವು, ಮಗುವಿನ ಸ್ವರವೇ ಕೇಳಿರಲಿಲ್ಲ. ಇನ್ನು ಮೇಲೆ ಮಳೆ ಶಬ್ದ ಜೋರಿದ್ದರೆ ಅಳತೆ ಇಲ್ಲ.

ಫಲಿತಾಂಶ ಅದೇ ವಾರ ಟೀಚರುಗಳ ಕೈಗೆ ಹೋಯಿತು: ಮೆಟ್ಟಿಲಿಗೊಂದು ಬಣ್ಣ, ಸಂಖ್ಯೆ ಮಾತ್ರ, ಹೆಸರಿಲ್ಲ. ಅವರು ತರಗತಿ ಬಿಟ್ಟು ಮೆಟ್ಟಿಲಿನ ಪ್ರಕಾರ ಗುಂಪು ಮಾಡಿದರು. ಪದದ ಮೆಟ್ಟಿಲಿನ ಗುಂಪಿಗೆ ದಿನಕ್ಕೆ 20 ನಿಮಿಷ ಒತ್ತಕ್ಷರ. ಅಯಲ್‌ಕೂಟದಲ್ಲಿ (ನೆರೆಹೊರೆಯ ಮಹಿಳೆಯರ ಗುಂಪಿನ ಸಭೆ) ಅಮ್ಮಂದಿರಿಗೂ ಹೇಳಿದೆವು, ಅಲ್ಲಿ ಕೇಂದ್ರದ ಮೊತ್ತ ಮಾತ್ರ. ಓದು ಏರಿದರೂ ಅದು ಕೇಂದ್ರದಿಂದಲೇ ಆಯಿತೆಂದು ವರದಿಯಲ್ಲಿ ಬರೆಯುವುದಿಲ್ಲ. ಮಕ್ಕಳು ಶಾಲೆಗೂ ಹೋಗುತ್ತಿದ್ದಾರೆ, ಹೋಲಿಸಲು ಬೇರೆ ಗುಂಪು ಇಲ್ಲ.

9ನೇ ವಾರ ಮರು ಅಳತೆ. ಹಳೇ ಕಥೆ ಕೆಲವರಿಗೆ ಬಾಯಿಪಾಠ ಆಗಿದೆ, ಹಾಗಾಗಿ ಬಿ ಕಥೆ ಬೇಕು. ಪದ 48, ಒತ್ತಕ್ಷರದ ಎಣಿಕೆ ಎ ಕಥೆಯಷ್ಟೇ ಇರಬೇಕು. ಕರಡಿನಲ್ಲಿ ಆಗಸ್ಟ್ ನೆನಪಿಗೆ ‘ಸ್ವಾತಂತ್ರ್ಯ’ ಎಂದು ಸೇರಿತ್ತು. ಆ ಒಂದು ‘ತ್ರ್ಯ’ದ ಎದುರು ಮಗು ನಿಂತರೆ ನಾಲ್ಕೈದು ಸೆಕೆಂಡು ಹೋಗುತ್ತದೆ. ತೆಗೆದು ‘ಬಾವುಟ’ ಎಂದು ಹಾಕಿದ್ದೇವೆ.