ಹೊಳೆಯಲ್ಲಿ ನೀರಿದ್ದೂ ನಗರಕ್ಕೆ ಸಾಲದ ದಿನಗಳು

2025ರ ಜೂನ್ ತಿಂಗಳಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡೆಮೊಯಿನ್ ಮತ್ತು ಅದರ ಸುತ್ತಲಿನ ಊರುಗಳ ಸುಮಾರು 6 ಲಕ್ಷ ಜನರಿಗೆ, ಮನೆಯಂಗಳದ ಹುಲ್ಲಿಗೆ ನೀರು ಹಾಯಿಸಬಾರದೆಂಬ ಆದೇಶ ಬಂತು. ಮಲಪ್ರಭೆಯ ನೀರಿಗಾಗಿ ವಾರಗಟ್ಟಲೆ ಕಾಯ್ದು ರೂಢಿಯಿರುವ ಹುಬ್ಬಳ್ಳಿ-ಧಾರವಾಡದವರು ಇದನ್ನು ಬರಗಾಲವೆಂದೇ ತಿಳಿದಾರು. ಆದರೆ ನದಿಗಳಲ್ಲಿ ನೀರಿಗೆ ಕೊರತೆಯಿರಲಿಲ್ಲ. ನೀರಿನಲ್ಲಿದ್ದ, ಸಾರಜನಕದ ಒಂದು ರೂಪವಾದ ನೈಟ್ರೇಟನ್ನು ಬೇಕಾದಷ್ಟು ವೇಗವಾಗಿ ತೆಗೆಯುವುದು ಶುದ್ಧೀಕರಣ ಘಟಕಗಳಿಗೆ ಸಾಧ್ಯವಾಗುತ್ತಿರಲಿಲ್ಲ.

ಈ ರಾಜ್ಯದಲ್ಲಿ ಜನ ಸುಮಾರು 32 ಲಕ್ಷ, ಹಂದಿಗಳು ಎರಡು ಕೋಟಿಗೂ ಹೆಚ್ಚು. ಉದ್ದನೆಯ ಶೆಡ್ಡುಗಳ ಕೆಳಗಿನ ಕಾಂಕ್ರೀಟ್ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಕೂಡಿದ ದ್ರವಗೊಬ್ಬರವನ್ನು ಬಹುಪಾಲು ಗೋವಿನಜೋಳದ ಕೊಯ್ಲು ಮುಗಿದ ಮೇಲೆ, ಅಂದರೆ ಸಾರಜನಕವನ್ನು ಹೀರಲು ಹೊಲದಲ್ಲಿ ಬೆಳೆಯೇ ಇಲ್ಲದ ಹೊತ್ತಿನಲ್ಲಿ, ಭೂಮಿಗೆ ಇಳಿಸುತ್ತಾರೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದರ ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ, ಮತ್ತು ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳದೆ ನೀರಿನೊಡನೆ ಇಳಿಯುತ್ತದೆ. ಜವಳು ನೆಲವನ್ನು ಒಣಗಿಸಲೆಂದು ಹೊಲಗಳ ಅಡಿಯಲ್ಲಿ ಹೂತಿರುವ ತೂತುಕೊಳವೆಗಳು ಮಳೆ ಬಿದ್ದಾಗ ಅದನ್ನು ನೇರವಾಗಿ ಹಳ್ಳಗಳಿಗೂ, ಡೆಮೊಯಿನ್‌ಗೆ ನೀರುಣಿಸುವ ರಕೂನ್ ನದಿಗೂ ಮುಟ್ಟಿಸುತ್ತವೆ. ಇದೇ ಗೊಬ್ಬರದಲ್ಲಿದ್ದು ಮೇಲ್ಮಣ್ಣಿನೊಡನೆ ಕೊಚ್ಚಿಹೋಗುವ ರಂಜಕವು ಕೆರೆಗಳಲ್ಲಿ ಪಾಚಿ ಬೆಳೆಸುತ್ತದೆ. ಎಲ್ಲ ಹೊರೆಯನ್ನೂ ಹಂದಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ, ರಾಸಾಯನಿಕ ಗೊಬ್ಬರದ ಪಾಲೂ ದೊಡ್ಡದೇ. ಇವೆಲ್ಲ ಮಿಸಿಸಿಪ್ಪಿಯ ಮೂಲಕ ಮೆಕ್ಸಿಕೋ ಕೊಲ್ಲಿಯನ್ನು ಸೇರಿ ಅಲ್ಲೂ ಪಾಚಿ ಬೆಳೆಸುತ್ತವೆ; ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರಿ, 2017ರಲ್ಲಿ ಅಲ್ಲಿ ಸುಮಾರು 22,700 ಚದರ ಕಿಲೋಮೀಟರ್ ಸಮುದ್ರದ ತಳಭಾಗವು ಸಾಕಷ್ಟು ಆಮ್ಲಜನಕವಿಲ್ಲದೆ ಮೀನು ಬಾಳದಂತಾಗಿತ್ತು.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿಮೀರಿದರೆ ಆರು ತಿಂಗಳೊಳಗಿನ ಕೂಸುಗಳ ರಕ್ತವು ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಇದಕ್ಕಾಗಿಯೇ ಡೆಮೊಯಿನ್ ನಗರವು 1992ರಿಂದ ನೈಟ್ರೇಟ್ ತೆಗೆಯುವ ಪ್ರತ್ಯೇಕ ಘಟಕವನ್ನು ನಡೆಸುತ್ತಿದೆ. ಅದರ ಖರ್ಚು ಬೀಳುವುದು ನೀರಿನ ಬಿಲ್ ಕಟ್ಟುವವರ ಮೇಲೆ, ಹೊಲದವರ ಮೇಲಲ್ಲ. 2015ರಲ್ಲಿ ನಗರದ ನೀರು ಸರಬರಾಜು ಸಂಸ್ಥೆ ಹೊಲದ ಕೊಳವೆಗಳಿಂದ ಬರುವ ನೈಟ್ರೇಟ್‌ಗಾಗಿ ನದಿಯ ಮೇಲ್ಭಾಗದ ಮೂರು ಕೌಂಟಿಗಳ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳ) ಮೇಲೆ ಮೊಕದ್ದಮೆ ಹೂಡಿತು. ಇದು ಶಾಸನಸಭೆ ಬಗೆಹರಿಸಬೇಕಾದ ವಿಷಯವೆಂದು ನ್ಯಾಯಾಲಯ 2017ರಲ್ಲಿ ಅದನ್ನು ವಜಾ ಮಾಡಿತು. ಕಾರ್ಖಾನೆಯ ಕೊಳವೆಗೆ ಪರವಾನಗಿ ಕೇಳುವ ಕಾನೂನು ಹೊಲದ ಕೊಳವೆಯನ್ನು ಬಿಟ್ಟುಬಿಡುವುದು ನನಗಂತೂ ಸರಿಕಾಣುವುದಿಲ್ಲ.

ನಮ್ಮ ಹಾವೇರಿ ಸೀಮೆಯಲ್ಲಿ ಹೊಲದ ಮೇವು ತಿಂದ ಎತ್ತು ಎಮ್ಮೆಗಳ ಸಗಣಿ ತಿಪ್ಪೆಯಲ್ಲಿ ಕಳಿತು, ಮುಂಗಾರಿಗೆ ಮುನ್ನ ಚಕ್ಕಡಿಯಲ್ಲಿ ಅದೇ ಹೊಲಕ್ಕೆ ಮರಳುತ್ತದೆ. ಮೇವು ಹೊರಗಿನಿಂದ ಬಂದು ಗೊಬ್ಬರ ಮಾತ್ರ ಒಂದೇ ಕಡೆ ಉಳಿದಾಗ ಈ ಸುತ್ತು ಕಡಿಯುತ್ತದೆ. ಉಣಕಲ್ ಕೆರೆಯ ಮೇಲೆ ಹಬ್ಬುವ ಅಂತರಗಂಗೆ ಮುಖ್ಯವಾಗಿ ಊರ ಚರಂಡಿಯ ಫಲವಾದರೂ ಅದನ್ನು ಸಾಕುವುದು ಇದೇ ಸಾರಜನಕ, ರಂಜಕಗಳೇ.

ರಾಣೆಬೆನ್ನೂರಿನ ಕಡೆಯಿರುವ ನಮ್ಮ ಸೋದರಮಾವನವರು ಈಗ ದೊಡ್ಡ ಕೋಳಿ ಶೆಡ್ ಹಾಕಿಸಲು ಹೊರಟಿದ್ದಾರೆ. ಸಾಲ, ಮರಿ, ಆಹಾರಗಳ ಲೆಕ್ಕವನ್ನೆಲ್ಲ ಬರೆದು ಕಳಿಸಿದರು, ಗೊಬ್ಬರದ ಲೆಕ್ಕವಿರಲಿಲ್ಲ. ಕೇಳಿದ್ದಕ್ಕೆ, “ಮೆಣಸಿನಕಾಯಿ ಬೆಳಿಯೋರು ಬಂದು ಹೇರಿಕೊಂಡು ಹೊಕ್ಕಾರ ಬಿಡಪಾ” ಎಂದರು. ಬೇಸಿಗೆಯಲ್ಲಿ ಅದು ನಿಜವಿರಬಹುದು. ಕೋಳಿಗೊಬ್ಬರದಲ್ಲಿ ಸಗಣಿಗಿಂತ ಸಾರಜನಕ, ರಂಜಕಗಳೆರಡೂ ಹೆಚ್ಚು; ಮಳೆಗಾಲದಲ್ಲಿ ಯಾರೂ ಕೊಳ್ಳಲು ಬಾರದ ರಾಶಿಗೆ ತಾಡಪತ್ರಿ ಹೊದಿಸಿ ಇಡುವ ಎತ್ತರದ ಜಾಗ ಯಾವುದು, ಅಲ್ಲಿಂದ ಹಳ್ಳ ಎಷ್ಟು ದೂರ ಎಂದು ಮತ್ತೆ ಕೇಳಿದ್ದೇನೆ. ನಕಾಶೆಯಲ್ಲಿ ಅವರು ಗುರುತು ಮಾಡಿ ಕಳಿಸಿರುವುದು ಶೆಡ್ಡಿನ ಜಾಗವನ್ನು ಮಾತ್ರ.