ಸ್ಪಾರ್ಟಾಗೆ ಹೋಗಿ, ಆದ್ರೆ ಮೆಸ್ಸೀನಿ ಬಿಡ್ಬೇಡಿ

ಅಥೆನ್ಸ್‌ನಿಂದ ಬಸ್ಸಲ್ಲಿ ಮೂರು ಗಂಟೆ ಮೇಲಾಗತ್ತೆ, ಹಳೇ ಗ್ರೀಸಲ್ಲಿ ಸೈನಿಕರಿಗೆ ಹೆಸರಾಗಿದ್ದ ಸ್ಪಾರ್ಟಾಕ್ಕೆ. ಇಳಿದ್ರೆ ತೀರಾ ಮಾಮೂಲಿ ಊರು, ನೇರ ರಸ್ತೆ, ಕಿತ್ತಳೆ ಮರ, ಹಿಂದೆ ಮಾತ್ರ ತೈಗೆಟಸ್ ಬೆಟ್ಟ ಭರ್ಜರಿಯಾಗಿದೆ. ಈಗಿರೋ ಊರು ಕಟ್ಟಿದ್ದೇ 1834ರಲ್ಲಿ. ಸ್ಟೇಡಿಯಂ ಹತ್ರ ಹಳೇ ಸ್ಪಾರ್ಟಾದ ರಾಜ ಲಿಯೋನಿಡಾಸ್ ಪ್ರತಿಮೆ ಇದೆ, ಎಲ್ರೂ ಅಲ್ಲೇ ಸೆಲ್ಫಿ, ನಾವೂ ತಗೊಂಡ್ವಿ ಬಿಡಿ.

ಅಲ್ಲಿಂದ ಮೇಲಕ್ಕೆ ಆಲಿವ್ ಮರಗಳ ಮಧ್ಯೆ ಹಳೇ ಅಕ್ರೊಪೊಲಿಸ್, ಅಂದ್ರೆ ಊರಿನ ಎತ್ತರದ ದಿಬ್ಬ. ದೊಡ್ಡ ಥಿಯೇಟರ್ ಇದೆ, ಅದೂ ರೋಮನ್ನರ ಕಾಲದ್ದು. ಹಳೇ ಸ್ಪಾರ್ಟಾದವ್ರು ಶತಮಾನಗಟ್ಟಲೆ ಕೋಟೆಗೋಡೆನೇ ಕಟ್ಲಿಲ್ಲ. ಈ ಊರು ಪಾಳುಬಿದ್ರೆ ಇದಕ್ಕೆ ಅಷ್ಟು ಬಲ ಇತ್ತು ಅಂತ ಮುಂದಿನವ್ರು ನಂಬಲ್ಲ ಅಂತ ಗ್ರೀಕ್ ಇತಿಹಾಸಕಾರ ಥುಸಿಡೈಡಿಸ್ ಆಗ್ಲೇ ಬರೆದಿದ್ದ, ಕರೆಕ್ಟಾಗೇ ಹೇಳಿದಾನೆ.

ಆಗಿನ ಸ್ಪಾರ್ಟಾದ ಸರ್ಕಾರ ಮಾತ್ರ ವಿಚಿತ್ರ. ಒಟ್ಟಿಗೇ ಇಬ್ರು ರಾಜರು, ಬೇರೆ ಬೇರೆ ವಂಶದವ್ರು, ಅವ್ರ ಮೇಲೆ ಕಣ್ಣಿಡಕ್ಕೆ ವರ್ಷವರ್ಷ ಆರಿಸೋ 5 ಜನ ಎಫರ್‌ಗಳು, ಜೊತೆಗೆ 60 ದಾಟಿದ 28 ಜನ ಹಿರಿಯರು. ಹಿರಿಯರ ಎಲೆಕ್ಷನ್ ಹೆಂಗೆ ಅಂದ್ರೆ ಯಾರಿಗೆ ಜನ ಜೋರಾಗಿ ಕೂಗಿದ್ರೋ ಅವ್ರು ಗೆದ್ದಂಗೆ! ಅರಿಸ್ಟಾಟಲ್ ಇದನ್ನ ಹುಡುಗಾಟ ಅಂತ ಬೈದಿದ್ದಾನೆ.

7 ವರ್ಷಕ್ಕೇ ಹುಡುಗ್ರನ್ನ ತರಬೇತಿಗೆ ಎಳ್ಕೊಂಡು ಹೋಗೋರು, ದೊಡ್ಡೋರಾದ್ಮೇಲೂ ರಾತ್ರಿ ಊಟ ಮೆಸ್ಸಲ್ಲೇ, ಆ ಮೆಸ್ಸಿಗೆ ತನ್ನ ಪಾಲಿನ ದವಸ ಕೊಡಕ್ಕಾಗ್ಲಿಲ್ಲ ಅಂದ್ರೆ ಪೌರತ್ವಾನೇ ಹೋಯ್ತು. ಆದ್ರೆ ದವಸ ಬೆಳೀತಿದ್ದೋರು ಹೆಲಟ್‌ಗಳು, ಭೂಮಿಗೆ ಕಟ್ಟಿಹಾಕಿದ್ದ ಜೀತದ ಜನ. ಎಫರ್‌ಗಳು ಪ್ರತಿ ವರ್ಷ ಇವ್ರ ಮೇಲೆ ಯುದ್ಧ ಸಾರ್ತಿದ್ರಂತೆ, ಯಾಕೆ ಅಂದ್ರೆ ಕೊಂದ್ರೂ ಕೊಲೆಪಾಪ ಅಂಟ್ಬಾರ್ದು ಅಂತ. ಗಂಡಸ್ರೆಲ್ಲ ಫುಲ್‌ಟೈಂ ಸೈನಿಕರಾಗಿದ್ದು ಇವ್ರ ದುಡಿಮೆಯಿಂದ್ಲೇ, ಇವ್ರ ಭಯದಿಂದ್ಲೂ ಹೌದು.

ಯುರೋಟಾಸ್ ನದಿ ಪಕ್ಕ ಆರ್ಟೆಮಿಸ್ ಓರ್ಥಿಯಾ ದೇವಿ ಗುಡಿ, ಹುಡುಗ್ರಿಗೆ ಚಾಟಿಯೇಟು ಬೀಳ್ತಿದ್ದ ಜಾಗ. ರೋಮನ್ನರ ಕಾಲಕ್ಕೆ ಅದು ಟೂರಿಸ್ಟ್ ಶೋ ಆಗಿ, ನೋಡೋರಿಗೆ ಸುತ್ತ ಕಲ್ಲಿನ ಸೀಟನ್ನೂ ಕಟ್ಟಿಬಿಟ್ರು. ಥೂ.

ಆಮೇಲೆ ತೈಗೆಟಸ್ ಘಾಟಿ ದಾಟಿ ಕಲಮಾಟಾ ಕಡೆಯಿಂದ ಮೆಸ್ಸೀನಿಗೆ ಹೋದ್ವಿ. ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾದಲ್ಲಿ ಥೀಬ್ಸ್‌ನವ್ರು ಸ್ಪಾರ್ಟಾನ ಸೋಲಿಸಿದ್ರು, ಸ್ಪಾರ್ಟಾದ ಪೌರ ಸೈನಿಕರು ಇದ್ದಿದ್ದೇ 700, ಅದ್ರಲ್ಲಿ 400 ಜನ ಸತ್ರು. 369ರಲ್ಲಿ ಥೀಬ್ಸ್ ಸೇನಾಪತಿ ಎಪಮಿನಾಂಡಸ್ ಇಲ್ಲಿನ ಹೆಲಟ್‌ಗಳನ್ನ ಬಿಡಿಸಿ ಈ ಊರು ಕಟ್ಟಿಸ್ದ. ಸುತ್ತ ಸುಮಾರು 9 ಕಿಲೋಮೀಟರ್ ಕೋಟೆಗೋಡೆ, ಆರ್ಕೇಡಿಯನ್ ಬಾಗಿಲಿನ ಕಲ್ಲುಗಳಂತೂ ಮನುಷ್ಯನಿಗಿಂತ ದೊಡ್ಡವು. ಸ್ಪಾರ್ಟಾಕ್ಕೆ ಅರ್ಧ ದಿನ ಸಾಕು, ಮೆಸ್ಸೀನಿಗೆ ಇಡೀ ದಿನ ಇಟ್ಕೊಳ್ಳಿ, ನೀರು ಟೋಪಿ ಮರೀಬೇಡಿ.