ಗೋಳಗುಮ್ಮಟದ ಊರಲ್ಲಿ ಎಣ್ಣೆಮಣ್ಣು

ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ನೋಡುತ್ತಾರೆ, ಇಬ್ರಾಹಿಂ ರೋಜಾ ನೋಡುತ್ತಾರೆ, ಬಾರಾ ಕಮಾನಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಈ ಸಲ ಹೋಗಿದ್ದು ಡೀಸೆಲ್ ಕುಡಿದ ಮಣ್ಣು ನೋಡಲಿಕ್ಕೆ. ನಮ್ಮ ಅಕ್ಕನ ಗಂಡ, ನನಗೆ ಮಾಮಾ, ಸಿವಿಲ್ ಎಂಜಿನಿಯರ್. ಊರಾಚೆ ಸರ್ಕಾರಿ ಗಾಡಿಗಳ ರಿಪೇರಿ ಆವರಣವೊಂದಿದೆ. ಯಾವ ಇಲಾಖೆಯದು ಅನ್ನೋದು ಇಲ್ಲಿ ಬೇಡ. ಅಲ್ಲಿನ ಕೆಟ್ಟ ಮಣ್ಣು ತೆಗೆದು, ಮಳೆನೀರಿಗೆ ಸರಿಯಾದ ದಾರಿ ಮಾಡೋ ಕೆಲಸ ಅವರ ಉಸ್ತುವಾರಿಯಲ್ಲಿತ್ತು. "ಗುಮ್ಮಟ ಎಲ್ಲೂ ಹೋಗೂದಿಲ್ಲ. ಈ ಗುಂಡಿ ಮುಚ್ಚಿದ ಮ್ಯಾಲ ಕಾಣೂದಿಲ್ಲ, ಲಗೂ ಬಾ" ಅಂತ ಫೋನ್ ಮಾಡಿದ್ದರು.

ಜೂನ್ ತಿಂಗಳ ಶುರು. ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಗದಗ, ಹೊಳೆಆಲೂರು, ಬಾದಾಮಿ. ಬಾದಾಮಿ ಸುತ್ತಮುತ್ತ ಕಲ್ಲೂ ಕೆಂಪು, ಮಣ್ಣೂ ಕೆಂಪು. ಬಾಗಲಕೋಟೆ ಬಿಟ್ಟು, ಆಲಮಟ್ಟಿ ಹತ್ತಿರ ಕೃಷ್ಣೆ ದಾಟಿದ ಮೇಲೆ ಕಿಟಕಿಯಾಚೆ ಬರೀ ಎರೆ ಹೊಲ. ಬಿತ್ತನೆಗೆ ಹಸನು ಮಾಡಿಟ್ಟ ಕಪ್ಪು ನೆಲ, ಅಲ್ಲಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಅಂತ ಈ ಕಡೆ ಹೇಳುತ್ತಾರಲ್ಲ, ಆ ಡೋಣಿ ಹೊಳೆಯ ಸೀಮೆಯ ಮಣ್ಣೂ ಇದೇ ಎರೆ. ಹೊಲಕ್ಕೆ ಬಂಗಾರ. ಆದರೆ ಅದರ ಮೇಲೆ ಮೂವತ್ತು ವರ್ಷ ಗಾಡಿ ನಿಲ್ಲಿಸಿ ಆಯಿಲ್ ಚೆಲ್ಲಿದರೆ ಏನಾಗುತ್ತೆ ಅನ್ನೋದು ಮರುದಿನ ಗೊತ್ತಾಯಿತು.

ಬೆಳಿಗ್ಗೆ ಅಕ್ಕ ಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಿಂದು ಮಾಮಾನ ಬೈಕಿನಲ್ಲಿ ಹೊರಟೆ. ಆವರಣ ಎರಡು ಎಕರೆ ಇರಬಹುದು. ಒಂದು ಬದಿ ತಗಡಿನ ಶೆಡ್ಡು, ಒಂದು ಬದಿ ಗಾಡಿ ತೊಳೆಯೋ ಕಟ್ಟೆ, ನಡುವೆ ತೆರೆದ ಅಂಗಳ. ಅಂಗಳದಲ್ಲಿ ಆಳೆತ್ತರ ಅಗೆದ ಗುಂಡಿ. ನನ್ನ ಕಣ್ಣಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಎರೆ ಮೊದಲೇ ಕಪ್ಪು, ಆಯಿಲ್ಲೂ ಕಪ್ಪು.

ಮಾಮಾ ಗುಂಡಿಯ ಗೋಡೆಯಿಂದ ಎರಡು ಹೆಂಟೆ ಕಿತ್ತುಕೊಂಡು ಬಂದರು. ಒಂದು ಬಿರುಕು ಇದ್ದ ಜಾಗದ್ದು, ಇನ್ನೊಂದು ಅದರಿಂದ ಒಂದು ಗೇಣು ಆಚೆಯದು. ಎರಡು ನೀರಿನ ಬಾಟಲಿಯಲ್ಲಿ ಒಂದೊಂದು ಹಾಕಿ, ಮುಚ್ಚಳ ಬಿಗಿದು, ನನ್ನ ಕೈಗೆ ಕೊಟ್ಟು "ಅಲುಗಾಡ್ಸು" ಅಂದರು. ಅಲುಗಾಡಿಸಿ ಕಟ್ಟೆ ಮೇಲಿಟ್ಟು ಕಾದೆವು. ಆಚೆಯ ಹೆಂಟೆ ಹಾಕಿದ್ದರಲ್ಲಿ ಬರೀ ರಾಡಿ ನೀರು. ಬಿರುಕಿನ ಹೆಂಟೆಯದರಲ್ಲಿ ರಾಡಿ ಇಳಿದ ಹಾಗೆ ಮೇಲೆ ತೆಳ್ಳಗೆ ನೀಲಿ, ನೇರಳೆ, ಹಳದಿ ಪರೆ ಕಟ್ಟಿತು. ಬಾಟಲಿಯ ಒಳಮೈಗೆ ಕಂದು ಉಂಗುರ ಅಂಟಿತು. ಮುಚ್ಚಳ ತೆಗೆದರೆ ಗ್ಯಾರೇಜಿನ ವಾಸನೆ ಮೂಗಿಗೆ ಬಡಿಯಿತು. ಇದು ಸುಮ್ನೆ ಜಾಗದಲ್ಲೇ ಮಾಡೋ ಪರೀಕ್ಷೆ, ಪಕ್ಕಾ ಲೆಕ್ಕ ಲ್ಯಾಬಿನಿಂದಲೇ ಬರಬೇಕು. ಆದರೆ ಎಲ್ಲಿವರೆಗೆ ಅಗೆಯಬೇಕು ಅಂತ ಜೆಸಿಬಿ ಡ್ರೈವರ್‌ಗೆ ತೋರಿಸೋಕೆ ಇಷ್ಟು ಸಾಕು.

ಬಿರುಕಿನ ಕಥೆ ಕೇಳಿ. ಬೇಸಿಗೆಯಲ್ಲಿ ಎರೆ ಒಣಗಿ ಬಾಯಿ ಬಿಡುತ್ತದೆ, ಎಷ್ಟೋ ಕಡೆ ಮೀಟರಿಗಿಂತ ಆಳಕ್ಕೆ. ಆಗ ಚೆಲ್ಲಿದ ಆಯಿಲ್ ಸೀದಾ ಕೆಳಗೆ ಇಳಿಯುತ್ತದೆ. ಮಳೆ ಬಂದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಇಂಗುವುದೇ ಇಲ್ಲ ಅನ್ನಬಹುದು, ಮೇಲಿನ ಎಣ್ಣೆಯನ್ನೆಲ್ಲ ಬಳಿದುಕೊಂಡು ಹಳ್ಳದ ಕಡೆ ಓಡುತ್ತದೆ. ಬೇಸಿಗೆಯಲ್ಲಿ ಕೆಳಗೆ ಕೇಡು, ಮಳೆಗಾಲದಲ್ಲಿ ಪಕ್ಕದವರಿಗೆ ಕೇಡು. ಕೆಳಗಿರುವುದು ಕರಿಕಲ್ಲು, ಅಂದರೆ ಬಸಾಲ್ಟ್. ಅದರ ಸೀಳುಗಳಲ್ಲಿ ಹೋದ ನೀರು ಯಾವ ಬೋರ್‌ವೆಲ್‌ನಲ್ಲಿ ಏಳುತ್ತೆ ಅಂತ ಹೇಳೋದು ಕಷ್ಟ.

ಅಗೆದ ಮಣ್ಣನ್ನು ಎರಡು ಪಾಲು ಮಾಡಿದ್ದರು. ಆಯಿಲ್ ಜಿನುಗುವಷ್ಟು ನೆನೆದದ್ದು ಡ್ರಮ್ಮುಗಳಲ್ಲಿ. ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಕೆಳಗೆ ಬರುತ್ತದೆ, ಪರವಾನಗಿ ಇದ್ದವರಿಗೇ ಕೊಡಬೇಕು. ಅಂಥದ್ದನ್ನು ಹೂಳುವ ದೊಡ್ಡ ಜಾಗ ಇರೋದು ಬೆಂಗಳೂರು ಹತ್ತಿರ ದಾಬಸ್‌ಪೇಟೆಯಲ್ಲಿ. ಇಲ್ಲಿಂದ ಹೆಚ್ಚು ಕಡಿಮೆ ಐನೂರು ಕಿಲೋಮೀಟರ್. ಲಾರಿ ಬಾಡಿಗೆ ನೆನೆಸಿಕೊಂಡರೆ, ಗಾಡಿ ಕೆಳಗೊಂದು ತಗಡಿನ ತಟ್ಟೆ ಇಟ್ಟಿದ್ದರೆ ಎಷ್ಟು ಉಳೀತಿತ್ತು ಅನ್ನಿಸುತ್ತೆ, ಅಲ್ವಾ?

ಕಡಿಮೆ ನೆನೆದ ಮಣ್ಣನ್ನು ಅಲ್ಲೇ ಹಸನು ಮಾಡುತ್ತಿದ್ದರು. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಬದು ಕಟ್ಟಿ, ಅದರ ಮೇಲೆ ಮಣ್ಣಿನ ಉದ್ದ ಬಣವೆ. ಎರೆ ಒಳಗೆ ಗಾಳಿ ಆಡೋದಿಲ್ಲ. ಅದಕ್ಕೆ ಸಕ್ಕರೆ ಕಾರ್ಖಾನೆಯಿಂದ ತಂದ ಕಬ್ಬಿನ ಸಿಪ್ಪೆ, ಕತ್ತರಿಸಿದ ಜೋಳದ ಕಣಿಕೆ ಕಲಸಿದ್ದರು. ಎಣ್ಣೆ ತಿನ್ನೋ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇರುತ್ತವೆ. ಗಾಳಿ, ತೇವ, ಸಾರಜನಕ, ರಂಜಕ ಸಿಕ್ಕರೆ ಬೆಳೆಯುತ್ತವೆ. ಹಾಗಾಗಿ ಒಂದಿಷ್ಟು ಯೂರಿಯಾ, ಡಿಎಪಿ ಗೊಬ್ಬರ. ದಿಲ್ಲಿಯ ಟೇರಿ ಸಂಶೋಧನಾ ಸಂಸ್ಥೆಯವರು ಆಯಿಲ್‌ಜ್ಯಾಪರ್ ಅನ್ನೋ ಬ್ಯಾಕ್ಟೀರಿಯಾ ಮಿಶ್ರಣವನ್ನೇ ತಯಾರಿಸಿದ್ದಾರೆ, ಎಣ್ಣೆ ಬಾವಿ, ರಿಫೈನರಿಗಳ ಕೆಸರಿಗೆ ಬಳಸುತ್ತಾರೆ. ಇಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಕೆಲಸದ ಹೆಣ್ಣುಮಗಳೊಬ್ಬಳು ಬಣವೆಯಿಂದ ಒಂದು ಹಿಡಿ ಮಣ್ಣು ಹಿಂಡಿ ತೋರಿಸಿದಳು. ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. "ಒಣಗಿದ್ರ ನೀರ್ ಹೊಡೀತೀವ್ರಿ, ಹಸಿ ಆದ್ರ ಹೊಳ್ಳಿಸಿ ಹಾಕ್ತೀವ್ರಿ." ವಿಜಯಪುರದ ಬಿಸಿಲಿಗೆ ಬ್ಯಾಕ್ಟೀರಿಯಾ ಸುಟ್ಟು ಹೋಗದಿರಲಿ ಅಂತ ಮೇಲೆ ನೆರಳಿಗೆ ಹಸಿರು ಬಲೆ. ಮಳೆ ಬಂದರೆ ತಾಡಪತ್ರಿ.

ಇದಕ್ಕೆ ತಿಂಗಳುಗಟ್ಟಲೆ ಬೇಕು. ಡೀಸೆಲ್ ಬೇಗ ಕರಗುತ್ತೆ, ಹಳೇ ಎಂಜಿನ್ ಆಯಿಲ್ ಜಾಸ್ತಿ ಸತಾಯಿಸುತ್ತೆ. ಅದರಲ್ಲಿರುವ ಸೀಸ, ಸತುವನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನೋಲ್ಲ. ಅದಕ್ಕೇ ಲೋಹದ ಪರೀಕ್ಷೆ ಬೇರೆ. ಒಬ್ಬ ಗುತ್ತಿಗೆದಾರ ಒಳ್ಳೇ ಮಣ್ಣು ಕಲಸಿ ರಿಪೋರ್ಟ್ ಪಾಸ್ ಮಾಡಿಸೋಣ ಅಂದಿದ್ದನಂತೆ. ಇನ್ನೊಬ್ಬ ಪಕ್ಕದ ಊರಿನವನು ಮಾಳಿಗೆ ಮೇಲೆ ಹಾಕೋಕೆ ಎರಡು ಟ್ರ್ಯಾಕ್ಟರ್ ಮಣ್ಣು ಕೇಳಿದ್ದನಂತೆ. ಎರಡಕ್ಕೂ ಮಾಮಾ ಒಪ್ಪಲಿಲ್ಲ. ಮೊದಲನೆಯವನದು ಕಳ್ಳಾಟ. ಎರಡನೆಯವನನ್ನು ಬಯ್ಯೋಕೆ ಮನಸ್ಸು ಬರೋಲ್ಲ. ಬಾಗಿಲಿಗೆ, ಗೆದ್ದಲಿಗೆ ಕಪ್ಪು ಆಯಿಲ್ ಬಳಿಯೋದು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಆಯಿಲ್ ವಿಷ ಅಂತ ಅವನಿಗೆ ಯಾರೂ ಹೇಳಿಲ್ಲ. ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆ ಅಂತಲೇ ನಿಯಮ ತಂದಿದ್ದೇ 2025ರ ಜುಲೈನಲ್ಲಿ.

ಮಧ್ಯಾಹ್ನ ಮಳೆನೀರಿನ ಕಡೆ ಬಂದೆವು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳೋದು 600 ಮಿ.ಮೀ. ಆಸುಪಾಸು. ಕಡಿಮೆ ಅನ್ನಿಸಬಹುದು. ಆದರೆ ಒಂದು ಎಕರೆ ಮೇಲೆ ಬರೀ 10 ಮಿ.ಮೀ. ಬಿದ್ದರೂ 40,000 ಲೀಟರ್ ದಾಟುತ್ತದೆ. ಅದಕ್ಕೆ ಮೊದಲ ಕೆಲಸ ನೀರನ್ನು ಬೇರೆ ಮಾಡೋದು. ಶೆಡ್ಡಿನ ತಗಡಿನ ನೀರು ಚೊಕ್ಕ, ಅದಕ್ಕೆ ಬೇರೆ ಪೈಪು, ಬೇರೆ ಟಾಕಿ. ಹೊರಗಿನ ನೀರು ಒಳಗೆ ನುಗ್ಗದ ಹಾಗೆ ಸುತ್ತ ಗಿಡ್ಡ ಕಟ್ಟೆ. ರಿಪೇರಿ ಜಾಗಕ್ಕೆ ಕಾಂಕ್ರೀಟ್ ನೆಲ, ಮೇಲೆ ಸೂರು. ಉಳಿದ ಅಂಗಳದ ನೀರು ಮಾತ್ರ ಗಟಾರದಲ್ಲಿ ಹರಿದು ನೆಲದೊಳಗಿನ ಮೂರು ಕೋಣೆಯ ಚೇಂಬರಿಗೆ ಬರಬೇಕು. ಮೊದಲ ಕೋಣೆಯಲ್ಲಿ ಮರಳು, ರಾಡಿ ಕೂರುತ್ತದೆ. ಎರಡನೆಯದರಲ್ಲಿ ಸಾರಿನ ಮೇಲಿನ ಒಗ್ಗರಣೆ ಎಣ್ಣೆಯ ಹಾಗೆ ಆಯಿಲ್ ತೇಲುತ್ತದೆ. ಮೂರನೆಯದಕ್ಕೆ ದಾರಿ ಇರೋದು ಗೋಡೆಯ ತಳದಲ್ಲಿ, ಹಾಗಾಗಿ ಮೇಲಿನದು ಅಲ್ಲೇ ಉಳಿದು ಕೆಳಗಿನ ನೀರು ಮಾತ್ರ ಮುಂದೆ ಹೋಗುತ್ತದೆ. ಸೋಪು ಹಾಕಿ ಗಾಡಿ ತೊಳೆದ ನೀರನ್ನು ಇದಕ್ಕೆ ಬಿಡಬಾರದು. ಸೋಪು ಎಣ್ಣೆಯನ್ನು ಒಡೆದು ಸಣ್ಣ ಸಣ್ಣ ಹನಿ ಮಾಡುತ್ತೆ, ಅದು ತೇಲೋದೇ ಇಲ್ಲ.

ಇಲ್ಲಿ ಮಾಮಾ ಒಂದು ಜಗಳವನ್ನೂ ಗೆದ್ದಿದ್ದರು. ಮೇಲಿನವರೊಬ್ಬರು ಅಂಗಳದ ನಡುವೆ ಇಂಗುಗುಂಡಿ ತೋಡಿಸಿ ಅಂತ ಹಟ ಹಿಡಿದಿದ್ದರಂತೆ. ಇಂಗುಗುಂಡಿ ಅಂದರೆ ಈಗ ಎಲ್ಲರಿಗೂ ಪುಣ್ಯದ ಕೆಲಸ. ಆದರೆ ಎಣ್ಣೆಮಣ್ಣಿನ ನಡುವೆ ತೋಡಿದರೆ ಕೊಳೆಯನ್ನು ಕೈಯಾರೆ ಬೋರ್‌ವೆಲ್‌ಗೆ ಕಳಿಸಿದ ಹಾಗೆ. ಕೊನೆಗೆ ತಗಡಿನ ನೀರಿಗೆ ಮಾತ್ರ, ಆವರಣದ ಮೇಲ್ಭಾಗದ ಮೂಲೆಯಲ್ಲಿ, ಅಂತ ತೀರ್ಮಾನ ಆಯಿತಂತೆ.

ಮರುದಿನ ಭಾನುವಾರ. ಅಕ್ಕ, ಮಾಮಾ, ನಾನು ಹಳೇ ನೀರಿನ ಕೆಲಸ ನೋಡಲು ಹೊರಟೆವು. ಊರಿನ ದಕ್ಷಿಣಕ್ಕೆ ಬೇಗಂ ತಲಾಬ್, 1651ರಲ್ಲಿ ಮಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ್ದು. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯೊಳಗೆ ಕೂರಿಸಿ, ನೆಲದಡಿ ಊರಿಗೆ ನೀರು ತಂದಿದ್ದರು. ದಾರಿಯುದ್ದಕ್ಕೂ ಗಂಜ್ ಅನ್ನೋ ಕಲ್ಲಿನ ಗೋಪುರಗಳು, 25ರಿಂದ 40 ಅಡಿ ಎತ್ತರ. ಈಗ ಮನೆ, ಅಂಗಡಿಗಳ ನಡುವೆ ನಿಂತಿವೆ. ಒಂದರ ಪಕ್ಕ ಯಾರೋ ಬಟ್ಟೆ ಒಣಗಲು ಹಗ್ಗ ಕಟ್ಟಿದ್ದರು. ಕೊಳವೆಯ ಒತ್ತಡ ತಗ್ಗಿಸೋದು ಗಂಜ್‌ನ ಒಂದು ಕೆಲಸ. ಇನ್ನೊಂದು, ನೀರು ಅಲ್ಲಿ ಸ್ವಲ್ಪ ನಿಂತು, ರಾಡಿ ತಳಕ್ಕೆ ಕೂತು, ತಿಳಿನೀರು ಮುಂದೆ ಹೋಗೋದು. ಮಾಮಾ ಗೋಪುರಕ್ಕೆ ಕೈ ತಟ್ಟಿ "ನಮ್ಮ ಒಂದನೇ ಕೋಣಿ ಇದ ನೋಡು" ಅಂದರು. ನೀರು ನಿಲ್ಲಲಿಕ್ಕೆ ಜಾಗ, ಕೂತ ಕೊಳೆ ಎತ್ತಲಿಕ್ಕೆ ಆಳು, ಇವೆರಡು ಇಲ್ಲದೆ ಯಾವ ಯೋಜನೆಯೂ ನಡೆಯೋಲ್ಲ ಅನ್ನೋದು ಅವರ ವಾದ. ಅಕ್ಕ "ಭಾನುವಾರನೂ ಚೇಂಬರ್ ಸುದ್ದೀನ ಏನ್ರಿ" ಅಂತ ರೇಗಿದಳು.

ಆದರೆ ತಾಜ್ ಬಾವಡಿಗೆ ಹೋದಾಗ ಅವರ ಮಾತು ಸರಿ ಅನ್ನಿಸಿತು. 1620ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ, ಅವನ ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ ಆದದ್ದು. ಎರಡು ಎಂಟುಮೂಲೆಯ ಬುರುಜು, ನಡುವೆ ದೊಡ್ಡ ಕಮಾನು, ಒಳಗೆ ಹೊಂಡ. ಹತ್ತಾರು ವರ್ಷ ಇಲ್ಲೇ ಗಣಪತಿ ಬಿಡುತ್ತಿದ್ದರು. ಪ್ಲಾಸ್ಟರ್ ಕರಗದೆ ತಳದಲ್ಲಿ ಉಳಿಯುತ್ತಿತ್ತು, ಬಣ್ಣದ ಲೋಹ ಕೆಸರಿಗೆ ಸೇರುತ್ತಿತ್ತು. 2016-17ರ ಸುಮಾರಿಗೆ ನೀರು ಬಸಿದು ಹೂಳೆತ್ತಿದರು. ಅಕ್ಕನಿಗೆ ಆ ದಿನಗಳು ಚೆನ್ನಾಗಿ ನೆನಪಿವೆ. ಊರ ಮಂದಿ ಜಾತ್ರೆಗೆ ಬಂದಂಗೆ ಬಂದು ತಳ ನೋಡಿದ್ದರಂತೆ. ತೊರವಿ ಕಡೆಯ ಸುರಂಗ ಬಾವಡಿ ಜಗತ್ತಿನಲ್ಲಿ ಕಾಪಾಡಬೇಕಾದ ಹಳೇ ತಾಣಗಳ ಪಟ್ಟಿಯಾದ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್‌ನ 2020ರ ಪಟ್ಟಿಗೆ ಸೇರಿತು. ಅಲ್ಲಿಗೆ ಹೋಗಲು ಹೊತ್ತು ಸಾಲಲಿಲ್ಲ, ಪಶ್ಚಿಮದಲ್ಲಿ ಮೋಡ ಕಟ್ಟಿತ್ತು.

ಸಂಜೆ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ ಬಂತು. ಮಾಮಾ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ನಾನೂ ಹಿಂದೆ ಹತ್ತಿದೆ. ಆವರಣ ಮುಟ್ಟುವಾಗ ಗಟಾರ ತುಂಬಿ ಹರಿಯುತ್ತಿತ್ತು. ಮೊದಲ ನೀರು ಕಾಫಿ ಬಣ್ಣ, ಮೇಲೆ ಮಿರಿಮಿರಿ ಪರೆ. ವಾಚ್‌ಮನ್ ಕಾಕಾ ಚೇಂಬರಿನ ಮುಚ್ಚಳ ಎತ್ತಿ ಬ್ಯಾಟರಿ ಹಿಡಿದರು. ಎರಡನೇ ಕೋಣೆಯಲ್ಲಿ ಆಯಿಲ್ ತುಂಡು ತುಂಡಾಗಿ ತೇಲುತ್ತಾ ಗೋಡೆಗೆ ಬಡಿದು ಅಲ್ಲೇ ಸುತ್ತುತ್ತಿತ್ತು, ಜೊತೆಗೆ ಒಂದು ಗುಟಕಾ ಚೀಟಿ. ಮೂರನೆಯದರಿಂದ ಹೊರಬೀಳೋ ನೀರಿಗೆ ಮಾಮಾ ಬಾಟಲಿ ಹಿಡಿದು ಮೂಸಿದರು. ಬಣ್ಣ ರಾಡಿಯೇ, ಪರೆ ಮಾತ್ರ ಇರಲಿಲ್ಲ. ಸ್ಯಾಂಪಲ್ ಡಬ್ಬಿಗೆ ತುಂಬಿ ಹೊತ್ತು ಬರೆದರು.

ಸೋಮವಾರ ನನ್ನ ರೈಲು ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಹೋದರೆ ಚೇಂಬರ್ ಖಾಲಿ ಮಾಡಿಸಿ, ಮೊದಲ ಕೋಣೆಯ ಗೋಡೆಗೆ ಕೆಂಪು ಬಣ್ಣದ ಗೆರೆ ಎಳೆಸುತ್ತಿದ್ದರು. ರಾಡಿ ಆ ಗೆರೆ ಮುಟ್ಟಿದರೆ ಎತ್ತಿಸಬೇಕು ಅಂತ ಗುರುತು. ಎಸ್ಟಿಮೇಟಿನಲ್ಲಿ ವರ್ಷಾ ವರ್ಷಾ ಹೂಳೆತ್ತೋ ಖರ್ಚು ಬರೆದಿದ್ದನ್ನು ಮೇಲಿನವರು ಹೊಡೆದು ಹಾಕಿದ್ದರಂತೆ, ಅದಕ್ಕೆ ಬಜೆಟ್ಟಿನಲ್ಲಿ ಹೆಡ್ ಇಲ್ಲ ಅಂತ. ಕಟ್ಟೋಕೆ ದುಡ್ಡು ಸಿಗುತ್ತೆ, ಹೂಳು ಬಳಿಯೋಕೆ ಸಿಗೋಲ್ಲ. ಮಾಮಾ ಮತ್ತೆ ಬರೆದು ಕಳಿಸಿದ್ದರು.

ಕಾಕಾ ಬಗ್ಗಿ ಗೆರೆ ನೋಡಿದರು. "ಗೆರಿ ಛಲೋ ಆತ್ರಿ ಸಾಹೇಬ್ರ. ಎತ್ತೂದು ಯಾರ್ರಿ?"

"ಅದನ್ನ ಫೈಲ್‌ನ್ಯಾಗ ಕೇಳೀನಿ ಕಾಕಾ" ಅಂದರು ಮಾಮಾ.